ಫ್ರಿಟ್ಯೋಫ್ ನಾನ್ಸನ್

ಫ್ರಿಟ್ಯೋಫ್ ನಾನ್ಸನ್ (ಅಕ್ಟೋಬರ್ 10, 1861 – ಮೇ 13, 1930) ನಾರ್ವೆ ದೇಶದ ಧ್ರುವಪ್ರದೇಶ ಅನ್ವೇಷಕ, ಪ್ರಾಣಿಶಾಸ್ತ್ರಜ್ಞ, ಸಮುದ್ರವಿಜ್ಞಾನಿ, ರಾಜತಾಂತ್ರಿಕ ಹಾಗೂ ಮಾನವತಾವಾದಿ. ಗ್ರೀನ್‌ಲ್ಯಾಂಡ್‌ನ ಒಳನಾಡಿನ ಹಿಮಹಾಸನ್ನು ಮೊತ್ತಮೊದಲು ದಾಟಿದ ತಂಡದ ನಾಯಕರು ಇವರು. 1893ರಿಂದ 1896ರವರೆಗೆ 'ಫ್ರಾಮ್' ಎಂಬ ಹಡಗನ್ನು ಉದ್ದೇಶಪೂರ್ವಕವಾಗಿ ಆರ್ಕ್ಟಿಕ್ ಸಾಗರದ ಮಂಜುಗಡ್ಡೆಯಲ್ಲಿ ಸಿಲುಕಿಸಿ, ಅದರೊಂದಿಗೆ ತೇಲುತ್ತಾ ಸಾಗಿದ ಸಂಶೋಧನಾ ಯಾತ್ರೆ ಇವರಿಗೆ ಜಗತ್ಪ್ರಸಿದ್ಧಿ ತಂದುಕೊಟ್ಟಿತು. ಮೊದಲನೆಯ ಮಹಾಯುದ್ಧದ ನಂತರ ಯುದ್ಧಕೈದಿಗಳು ಮತ್ತು ನಿರಾಶ್ರಿತರಿಗಾಗಿ ಮಾಡಿದ ಸೇವೆಗೆ 1922ರ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಪಡೆದರು. ದೇಶವಿಲ್ಲದವರಿಗೆ ನೀಡಲಾಗುತ್ತಿದ್ದ ಗುರುತಿನ ಪತ್ರವು ಇವರ ಹೆಸರಿನಿಂದಲೇ 'ನಾನ್ಸನ್ ಪಾಸ್‌ಪೋರ್ಟ್' ಎಂದು ಹೆಸರಾಯಿತು.

ಬಾಲ್ಯ ಮತ್ತು ವಿದ್ಯಾಭ್ಯಾಸ

ನಾನ್ಸನ್ ಅವರು ನಾರ್ವೆಯ ರಾಜಧಾನಿ ಕ್ರಿಸ್ಟಿಯಾನಿಯಾದ (ಇಂದಿನ ಓಸ್ಲೋ) ಹೊರವಲಯದ ಸ್ಟೋರೆ ಫ್ರೋಯೆನ್ ಎಂಬಲ್ಲಿ ಜನಿಸಿದರು. ತಂದೆ ಬಾಲ್ಡುರ್ ನಾನ್ಸನ್ ವಕೀಲರಾಗಿದ್ದರು. ತಾಯಿ ಅಡಿಲೇಡ್ ಶ್ರೀಮಂತ ಮನೆತನಕ್ಕೆ ಸೇರಿದವರು. ಹದಿನೇಳನೆಯ ಶತಮಾನದಲ್ಲಿ ಕೋಪನ್‌ಹೇಗನ್ ನಗರದ ಮೇಯರ್ ಆಗಿದ್ದ, ಶ್ವೇತಸಮುದ್ರದವರೆಗೆ ಯಾನ ಮಾಡಿದ್ದ ಹಾನ್ಸ್ ನಾನ್ಸನ್ ಈ ವಂಶದ ಪೂರ್ವಜರು. ಮನೆಯ ಸುತ್ತಲಿನ ಕಾಡುಗಳಲ್ಲಿ ಬೆಳೆದ ಬಾಲಕನಿಗೆ ಹಿಮದ ಮೇಲಿನ ಸ್ಕೀ ಓಟ, ಈಜು ಮತ್ತು ಬೇಟೆ ಚಿಕ್ಕಂದಿನಿಂದಲೇ ರೂಢಿಯಾಗಿದ್ದವು. ದಿನಗಟ್ಟಲೆ ಒಂಟಿಯಾಗಿ ಕಾಡಿನಲ್ಲಿ ಕಳೆಯುವ ಅಭ್ಯಾಸವೂ ಅವರಿಗಿತ್ತು.

1881ರಲ್ಲಿ ಕ್ರಿಸ್ಟಿಯಾನಿಯಾದ ವಿಶ್ವವಿದ್ಯಾಲಯವನ್ನು ಸೇರಿ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡರು. 1882ರಲ್ಲಿ ಅಧ್ಯಯನದ ಭಾಗವಾಗಿ 'ವೈಕಿಂಗ್' ಎಂಬ ಸೀಲ್ ಬೇಟೆಯ ಹಡಗಿನಲ್ಲಿ ಆರ್ಕ್ಟಿಕ್ ಸಮುದ್ರಕ್ಕೆ ತೆರಳಿದರು. ಈ ಹಡಗು ಗ್ರೀನ್‌ಲ್ಯಾಂಡ್‌ನ ಪೂರ್ವ ಕರಾವಳಿಯ ಬಳಿ ಕೆಲವು ವಾರಗಳ ಕಾಲ ಮಂಜುಗಡ್ಡೆಯಲ್ಲಿ ಸಿಕ್ಕಿಬಿದ್ದಿತು. ಮಂಜುಗಡ್ಡೆಯೊಡನೆ ತೇಲಿಬಂದ ಮರದ ದಿಮ್ಮಿಗಳನ್ನು ಅವರು ಅಲ್ಲಿ ಗಮನಿಸಿದರು. ಮರಗಳೇ ಬೆಳೆಯದ ಆ ಕಡಲಿನಲ್ಲಿ ದಿಮ್ಮಿಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆ ಮುಂದೆ ಅವರ ದೊಡ್ಡ ಯಾತ್ರೆಗೆ ಒಂದು ಬೀಜವಾಯಿತು.

ಅದೇ ವರ್ಷ ಬರ್ಗನ್ ವಸ್ತುಸಂಗ್ರಹಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೆಲಸಕ್ಕೆ ಸೇರಿದರು. ಕೆಳಸ್ತರದ ಕಡಲಜೀವಿಗಳ ನರಮಂಡಲ ಅವರ ಸಂಶೋಧನೆಯ ವಿಷಯವಾಗಿತ್ತು. ನರಕೋಶಗಳಿಗೆ ಬಣ್ಣ ಕಟ್ಟುವ ಹೊಸ ವಿಧಾನವನ್ನು ಕಂಡುಹಿಡಿದಿದ್ದ ಕ್ಯಾಮಿಲ್ಲೊ ಗಾಲ್ಜಿ ಅವರನ್ನು 1886ರಲ್ಲಿ ಇಟಲಿಯ ಪಾವಿಯಾದಲ್ಲಿ ಭೇಟಿಯಾಗಿ ಆ ವಿಧಾನವನ್ನು ಕಲಿತರು. 1888ರಲ್ಲಿ ಈ ಸಂಶೋಧನೆಗಾಗಿ ಡಾಕ್ಟರೇಟ್ ಪದವಿ ಪಡೆದರು.

ಗ್ರೀನ್‌ಲ್ಯಾಂಡ್ ಯಾತ್ರೆ

ಗ್ರೀನ್‌ಲ್ಯಾಂಡ್‌ನ ಒಳನಾಡನ್ನು ದಾಟಲು ಹಿಂದೆ ಯತ್ನಿಸಿದವರು ಜನವಸತಿಯಿದ್ದ ಪಶ್ಚಿಮ ಕರಾವಳಿಯಿಂದ ಹೊರಟು, ದಾರಿ ಕಠಿಣವಾದಾಗ ಹಿಂದಿರುಗಿದ್ದರು. ನಾನ್ಸನ್ ಇದಕ್ಕೆ ವಿರುದ್ಧವಾದ ಯೋಜನೆಯನ್ನು ಮುಂದಿಟ್ಟರು. ನಿರ್ಜನವಾದ ಪೂರ್ವ ಕರಾವಳಿಯಿಂದ ಹೊರಟರೆ ಹಿಂದಿರುಗಲು ನೆಲೆಯೇ ಇರುವುದಿಲ್ಲ, ಆದ್ದರಿಂದ ಮುಂದೆ ಸಾಗುವುದೊಂದೇ ದಾರಿಯಾಗಿ ಉಳಿಯುತ್ತದೆ ಎಂಬುದು ಅವರ ತರ್ಕವಾಗಿತ್ತು. ಹಲವರು ಇದನ್ನು ಹುಚ್ಚು ಸಾಹಸವೆಂದು ಟೀಕಿಸಿದರು.

1888ರ ಜುಲೈನಲ್ಲಿ ಆರು ಜನರ ತಂಡ ಹಡಗಿನಿಂದಿಳಿದು ಸಣ್ಣ ದೋಣಿಗಳಲ್ಲಿ ಕರಾವಳಿಯತ್ತ ಸಾಗಿತು. ತಂಡದಲ್ಲಿ ಒಟ್ಟೊ ಸ್ವೆರ್‌ಡ್ರುಪ್, ಓಲುಫ್ ಡೀಟ್ರಿಕ್ಸನ್, ಕ್ರಿಸ್ಟಿಯಾನ್ ಕ್ರಿಸ್ಟಿಯಾನ್ಸನ್ ಮತ್ತು ಸಾಮಿ ಜನಾಂಗದ ಸ್ಯಾಮ್ಯುಯೆಲ್ ಬಾಲ್ಟೊ, ಓಲೆ ರಾವ್ನಾ ಇದ್ದರು. ಮಂಜುಗಡ್ಡೆಯ ಸೆಳೆತಕ್ಕೆ ಸಿಕ್ಕಿ ಬಹುದೂರ ದಕ್ಷಿಣಕ್ಕೆ ತೇಲಿಹೋದರೂ, ಆಗಸ್ಟ್ ಮಧ್ಯಭಾಗದಲ್ಲಿ ಒಳನಾಡಿನ ಪಯಣ ಆರಂಭವಾಯಿತು. ಸಮುದ್ರಮಟ್ಟದಿಂದ 2,700 ಮೀಟರಿಗೂ ಹೆಚ್ಚು ಎತ್ತರದ ಹಿಮಹಾಸನ್ನು ಸ್ಕೀಗಳ ಮೇಲೆ ದಾಟಿ, ನಾನ್ಸನ್ ಮತ್ತು ಸ್ವೆರ್‌ಡ್ರುಪ್ ಅಕ್ಟೋಬರ್ 3ರಂದು ಪಶ್ಚಿಮ ತೀರದ ಗಾಟ್‌ಹೋಬ್ (ಇಂದಿನ ನೂಕ್) ತಲುಪಿದರು. ಆ ವರ್ಷದ ಕೊನೆಯ ಹಡಗು ಹೊರಟುಹೋಗಿದ್ದುದರಿಂದ ಚಳಿಗಾಲವನ್ನು ಅಲ್ಲಿಯೇ ಕಳೆಯಬೇಕಾಯಿತು. ಈ ಅವಧಿಯಲ್ಲಿ ನಾನ್ಸನ್ ಇನ್ಯೂಟ್ ಜನರಿಂದ ಕಯಾಕ್ ನಡೆಸುವುದು, ಸೀಲ್ ಬೇಟೆ ಮತ್ತು ಚಳಿಯಲ್ಲಿ ಬದುಕುವ ಕ್ರಮಗಳನ್ನು ಕಲಿತರು. 1889ರಲ್ಲಿ ತಾಯ್ನಾಡಿಗೆ ಮರಳಿದ ಅವರು ಅದೇ ವರ್ಷ ಗಾಯಕಿ ಎವಾ ಸಾರ್ಸ್ ಅವರನ್ನು ವಿವಾಹವಾದರು.

ಫ್ರಾಮ್ ಯಾತ್ರೆಯ ಹಿನ್ನೆಲೆ

ಅಮೆರಿಕದ 'ಜೆನೆಟ್' ಎಂಬ ಹಡಗು 1879ರಲ್ಲಿ ಬೇರಿಂಗ್ ಜಲಸಂಧಿಯ ಮೂಲಕ ಉತ್ತರಕ್ಕೆ ಸಾಗಿ ಮಂಜುಗಡ್ಡೆಯಲ್ಲಿ ಸಿಲುಕಿತು. ಸುಮಾರು ಎರಡು ವರ್ಷ ತೇಲಿದ ಬಳಿಕ, 1881ರ ಜೂನ್‌ನಲ್ಲಿ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಯ ಒತ್ತಡದಿಂದ ನುಚ್ಚುನೂರಾಗಿ ಮುಳುಗಿತು. ಮೂರು ವರ್ಷಗಳ ನಂತರ ಅದರ ಕೆಲವು ವಸ್ತುಗಳು ಬಹುದೂರದ ಗ್ರೀನ್‌ಲ್ಯಾಂಡ್‌ನ ನೈಋತ್ಯ ಕರಾವಳಿಯಲ್ಲಿ ದೊರೆತವು. ಆ ವಸ್ತುಗಳು ಧ್ರುವಸಾಗರವನ್ನು ಹಾದು ತೇಲಿಬಂದಿರಬೇಕೆಂದು ನಾರ್ವೆಯ ಹವಾಮಾನ ವಿಜ್ಞಾನಿ ಹೆನ್ರಿಕ್ ಮೋನ್ ಅಭಿಪ್ರಾಯಪಟ್ಟರು.

ಈ ಅಭಿಪ್ರಾಯದ ಮೇಲೆ ನಾನ್ಸನ್ ತಮ್ಮ ಯೋಜನೆಯನ್ನು ಕಟ್ಟಿದರು. ಮಂಜುಗಡ್ಡೆಯ ಒತ್ತಡವನ್ನು ತಡೆಯಬಲ್ಲ ಹಡಗೊಂದನ್ನು ನಿರ್ಮಿಸಿ, ಜೆನೆಟ್ ಮುಳುಗಿದ ಪ್ರದೇಶದ ಸಮೀಪ ಅದನ್ನು ಮಂಜುಗಡ್ಡೆಗೆ ಒಪ್ಪಿಸಿಬಿಟ್ಟರೆ, ಸಾಗರದ ಪ್ರವಾಹವೇ ಅದನ್ನು ಧ್ರುವದ ಸಮೀಪದಿಂದ ಸಾಗಿಸಿ ಅಟ್ಲಾಂಟಿಕ್ ಕಡೆಗೆ ತಂದುಬಿಡುತ್ತದೆ ಎಂಬುದು ಅದರ ಸಾರಾಂಶ. 1890ರಲ್ಲಿ ನಾರ್ವೆಯ ಭೂಗೋಳ ಸಂಘದ ಮುಂದೆಯೂ, 1892ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಮುಂದೆಯೂ ಅವರು ಇದನ್ನು ಮಂಡಿಸಿದರು. ಧ್ರುವಯಾನದ ಅನುಭವವಿದ್ದ ಹಿರಿಯ ನಾವಿಕರಲ್ಲಿ ಬಹುಮಂದಿ ಇದನ್ನು ಒಪ್ಪಲಿಲ್ಲ. ಅಮೆರಿಕದ ಅನ್ವೇಷಕ ಅಡಾಲ್ಫಸ್ ಗ್ರೀಲಿ ಕಟುವಾಗಿ ಟೀಕಿಸಿದರು. ಪ್ರವಾಹವೇ ಇಲ್ಲದಿದ್ದರೆ, ಅಥವಾ ಹಡಗು ಒಡೆದರೆ, ತಂಡದ ಹದಿಮೂರು ಮಂದಿಗೂ ಉಳಿವಿಲ್ಲ ಎಂಬುದು ವಿಮರ್ಶಕರ ಆತಂಕವಾಗಿತ್ತು. ಆದರೂ ನಾರ್ವೆಯ ಸಂಸತ್ತು ಒಟ್ಟು 2,80,000 ಕ್ರೋನರ್‌ಗಳನ್ನು ಮಂಜೂರು ಮಾಡಿತು. ಉಳಿದ ಹಣ ಖಾಸಗಿ ದೇಣಿಗೆಗಳಿಂದ ಬಂದಿತು.

ಹಡಗಿನ ರಚನೆ

ಹಡಗಿನ ವಿನ್ಯಾಸವನ್ನು ಲಾರ್ವಿಕ್‌ನ ನೌಕಾಶಿಲ್ಪಿ ಕಾಲಿನ್ ಆರ್ಚರ್ ರೂಪಿಸಿದರು. ನಾರ್ವೇಜಿಯನ್ ಭಾಷೆಯಲ್ಲಿ 'ಫ್ರಾಮ್' ಎಂದರೆ 'ಮುಂದಕ್ಕೆ' ಎಂದರ್ಥ. 1892ರ ಅಕ್ಟೋಬರ್ 26ರಂದು ಎವಾ ನಾನ್ಸನ್ ಹಡಗಿಗೆ ನಾಮಕರಣ ಮಾಡಿ ನೀರಿಗಿಳಿಸಿದರು. ಸುಮಾರು 39 ಮೀಟರ್ ಉದ್ದ ಮತ್ತು 11 ಮೀಟರ್ ಅಗಲದ ಈ ಹಡಗು ಉದ್ದಕ್ಕೆ ಹೋಲಿಸಿದರೆ ಬಹಳ ಅಗಲವಾಗಿತ್ತು. ಅದರ ಪಾರ್ಶ್ವಗಳನ್ನು ದುಂಡಗೆ, ನಯವಾಗಿ ನಿರ್ಮಿಸಲಾಗಿತ್ತು. ಮಂಜುಗಡ್ಡೆ ಎರಡೂ ಕಡೆಯಿಂದ ಒತ್ತಿದಾಗ ಹಡಗು ನಲುಗದೆ, ಹಿಡಿತದಿಂದ ಜಾರಿ ಮೇಲಕ್ಕೇಳಬೇಕೆಂಬುದು ಇದರ ಉದ್ದೇಶ. ಪಾರ್ಶ್ವದ ಮರದ ಗೋಡೆಗಳು 70ರಿಂದ 80 ಸೆಂಟಿಮೀಟರ್ ದಪ್ಪವಾಗಿದ್ದವು. ಅತ್ಯಂತ ಗಡುಸಾದ ಗ್ರೀನ್‌ಹಾರ್ಟ್ ಮರವನ್ನು ಹೊರಕವಚಕ್ಕೆ ಬಳಸಲಾಗಿತ್ತು. ಚುಕ್ಕಾಣಿ ಮತ್ತು ಪ್ರೊಪೆಲರ್‌ಗಳನ್ನು ಮಂಜುಗಡ್ಡೆಯ ಹೊಡೆತಕ್ಕೆ ಸಿಗದಂತೆ ಮೇಲಕ್ಕೆತ್ತಿಕೊಳ್ಳುವ ಏರ್ಪಾಡಿತ್ತು. ಹಾಯಿಗಳ ಜೊತೆಗೆ 220 ಅಶ್ವಶಕ್ತಿಯ ಉಗಿಯಂತ್ರವೂ ಇತ್ತು.

ವಾಸದ ಕೋಣೆಗಳ ಗೋಡೆಗಳಿಗೆ ಉಣ್ಣೆಯ ಹಾಸು, ಬೆಂಡು, ಹಿಮಸಾರಂಗದ ಕೂದಲು ಮೊದಲಾದವುಗಳ ಹಲವು ಪದರಗಳನ್ನು ಕೊಟ್ಟು ಚಳಿಯನ್ನು ತಡೆಯಲಾಗಿತ್ತು. ನಡುವೆ ಎಲ್ಲರೂ ಸೇರುವ ಒಂದು ಹಜಾರ, ಅದರ ಸುತ್ತ ನಾಲ್ಕು ಒಂಟಿ ಕೋಣೆಗಳು ಮತ್ತು ಹಲವರು ಮಲಗುವ ಎರಡು ದೊಡ್ಡ ಕೋಣೆಗಳಿದ್ದವು. ಹಿಂದಿನ ಯಾತ್ರೆಗಳಲ್ಲಿ ಉಸಿರಿನ ತೇವವೇ ಗೋಡೆಗಳ ಮೇಲೆ ಮಂಜಾಗಿ ಕಟ್ಟಿ ಹಾಸಿಗೆಗಳನ್ನು ನೆನೆಸುತ್ತಿದ್ದುದನ್ನು ಅರಿತಿದ್ದ ನಾನ್ಸನ್ ಒಳಾಂಗಣವನ್ನು ಒಣದಾಗಿಡಲು ವಿಶೇಷ ಗಮನ ಕೊಟ್ಟಿದ್ದರು. ಐದು ವರ್ಷಗಳಿಗೆ ಸಾಲುವಷ್ಟು ಆಹಾರ, ಸುಮಾರು 600 ಪುಸ್ತಕಗಳ ಗ್ರಂಥಾಲಯ ಹಾಗೂ ಒಂದು ಆರ್ಗನ್ ವಾದ್ಯ ಹಡಗಿನಲ್ಲಿದ್ದವು.

ಮಂಜುಗಡ್ಡೆಯ ಕಡೆಗೆ

1893ರ ಜೂನ್ 24ರಂದು ಫ್ರಾಮ್ ಕ್ರಿಸ್ಟಿಯಾನಿಯಾದಿಂದ ಹೊರಟಿತು. ಗ್ರೀನ್‌ಲ್ಯಾಂಡ್ ಯಾತ್ರೆಯ ಸಂಗಾತಿ ಒಟ್ಟೊ ಸ್ವೆರ್‌ಡ್ರುಪ್ ಹಡಗಿನ ಕಪ್ತಾನರಾಗಿದ್ದರು. ಸಿಗೂರ್ಡ್ ಸ್ಕಾಟ್ ಹಾನ್ಸನ್ ಹವಾಮಾನ, ಖಗೋಳ ಮತ್ತು ಭೂಕಾಂತತೆಯ ವೀಕ್ಷಣೆಗಳನ್ನೂ, ಹೆನ್ರಿಕ್ ಬ್ಲೆಸಿಂಗ್ ವೈದ್ಯಕೀಯ ಮತ್ತು ಸಸ್ಯಶಾಸ್ತ್ರವನ್ನೂ ನೋಡಿಕೊಳ್ಳುತ್ತಿದ್ದರು. ಅಡಾಲ್ಫ್ ಯೂಲ್ ಅಡುಗೆ ಮತ್ತು ಉಗ್ರಾಣದ ಹೊಣೆ ಹೊತ್ತಿದ್ದರು. ಸೇನಾಧಿಕಾರಿಯಾಗಿದ್ದ ಯಾಲ್ಮರ್ ಯೋಹಾನ್ಸನ್ ಬೇರೆ ಹುದ್ದೆ ಖಾಲಿಯಿಲ್ಲದ ಕಾರಣ ಕುಲುಮೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಒಪ್ಪಿ ಬಂದಿದ್ದರು. ಮುಂದೆ ಅವರು ವೀಕ್ಷಣಾ ಕಾರ್ಯದಲ್ಲಿ ಸ್ಕಾಟ್ ಹಾನ್ಸನ್‌ರ ಸಹಾಯಕರಾದರು.

ರಷ್ಯಾದ ಖಬರೊವಾ ಎಂಬಲ್ಲಿ ಜಾರುಬಂಡಿ ಎಳೆಯುವ 34 ನಾಯಿಗಳನ್ನು ಹಡಗಿಗೆ ಹತ್ತಿಸಿಕೊಳ್ಳಲಾಯಿತು. ಆಗಸ್ಟ್‌ನಲ್ಲಿ ಸೈಬೀರಿಯದ ಕರಾವಳಿಯ ಬಳಿ ಹಡಗು ಯಾವ ಅಡೆತಡೆಯೂ ಕಾಣದಿದ್ದರೂ ಮುಂದೆ ಸಾಗದೆ ತೆವಳತೊಡಗಿತು. ಉಪ್ಪುನೀರಿನ ಮೇಲೆ ಸಿಹಿನೀರಿನ ತೆಳುಪದರವಿದ್ದಾಗ ಕಾಣುವ ಈ 'ಸತ್ತ ನೀರು' ಎಂಬ ವಿದ್ಯಮಾನವನ್ನು ನಾನ್ಸನ್ ದಾಖಲಿಸಿದರು. ಸೆಪ್ಟೆಂಬರ್‌ನಲ್ಲಿ ಏಷ್ಯಾದ ಉತ್ತರತುದಿಯಾದ ಚೆಲ್ಯೂಸ್ಕಿನ್ ಭೂಶಿರವನ್ನು ದಾಟಿ, ಸೆಪ್ಟೆಂಬರ್ 22ರಂದು ಸುಮಾರು 78°49′ ಉತ್ತರ ಅಕ್ಷಾಂಶದಲ್ಲಿ ಹಡಗನ್ನು ಮಂಜುಗಡ್ಡೆಗೆ ಕಟ್ಟಲಾಯಿತು. ಚುಕ್ಕಾಣಿಯನ್ನು ಮೇಲಕ್ಕೆತ್ತಿ, ಉಗಿಯಂತ್ರವನ್ನು ಬಿಚ್ಚಿ ಎಣ್ಣೆ ಹಚ್ಚಿಡಲಾಯಿತು.

ಹಡಗಿನ ದಿನಚರಿ

ಮಂಜುಗಡ್ಡೆಯಲ್ಲಿ ನೆಲೆಗೊಂಡ ಬಳಿಕ ಹಡಗಿನಲ್ಲಿ ನಿಯಮಬದ್ಧ ದಿನಚರಿ ರೂಢಿಗೆ ಬಂದಿತು. ಬೆಳಗ್ಗೆ ಎಂಟಕ್ಕೆ ಎದ್ದು ಎಲ್ಲರೂ ಹಜಾರದ ಒಂದೇ ಮೇಜಿನಲ್ಲಿ ಉಪಾಹಾರ ಸೇವಿಸುತ್ತಿದ್ದರು. ನಾಯಕ, ಕಪ್ತಾನ, ಕಮ್ಮಾರ ಎಂಬ ಭೇದವಿಲ್ಲದೆ ಎಲ್ಲರಿಗೂ ಒಂದೇ ಬಗೆಯ ಊಟ ದೊರೆಯುತ್ತಿತ್ತು. ಬಳಿಕ ಕೆಲವರು ನಾಯಿಗಳಿಗೆ ಆಹಾರ ಹಾಕಿ ಅವುಗಳನ್ನು ಬಿಚ್ಚಿಬಿಡುತ್ತಿದ್ದರು. ಕೆಲವರು ಕುಡಿಯಲು ಮತ್ತು ಅಡುಗೆಗೆ ಬೇಕಾದ ಸಿಹಿ ಮಂಜನ್ನು ಒಡೆದು ತರುತ್ತಿದ್ದರು. ಮಧ್ಯಾಹ್ನ ಒಂದಕ್ಕೆ ಊಟ, ಸಂಜೆ ಆರಕ್ಕೆ ರಾತ್ರಿಯ ಊಟ. ಕೋಣೆಗಳಲ್ಲಿ ಧೂಮಪಾನಕ್ಕೆ ಅವಕಾಶವಿರಲಿಲ್ಲವಾದ್ದರಿಂದ ಊಟದ ನಂತರ ಹೊಗೆಬತ್ತಿ ಪ್ರಿಯರು ಅಡುಗೆಮನೆಯಲ್ಲಿ ಸೇರುತ್ತಿದ್ದರು. ಸಂಜೆಯ ಹೊತ್ತು ಇಸ್ಪೀಟು, ಓದು ಮತ್ತು ಆರ್ಗನ್ ವಾದನಕ್ಕೆ ಮೀಸಲು. ಮಧ್ಯರಾತ್ರಿಯ ಹೊತ್ತಿಗೆ ಎಲ್ಲರೂ ಮಲಗಿದ ಮೇಲೆ ಒಬ್ಬೊಬ್ಬರು ಒಂದೊಂದು ಗಂಟೆ ಸರದಿಯಂತೆ ಕಾವಲು ಕಾಯುತ್ತಿದ್ದರು.

ಹಡಗಿಗೆ ಬೇಕಾದ ವಸ್ತುಗಳೆಲ್ಲ ಹಡಗಿನಲ್ಲಿಯೇ ತಯಾರಾಗುತ್ತಿದ್ದವು. ಲಾರ್ಸ್ ಪೆಟರ್ಸನ್ ಕಮ್ಮಾರಿಕೆಯನ್ನು ನಡೆಸುತ್ತಿದ್ದರು. ಮರಗೆಲಸ, ತಗಡಿನ ಕೆಲಸ, ಪಾದರಕ್ಷೆ ಹೊಲಿಯುವುದು, ಉಪಕರಣಗಳ ದುರಸ್ತಿ ಇವೆಲ್ಲವನ್ನೂ ತಂಡದವರೇ ಹಂಚಿಕೊಂಡಿದ್ದರು. ಡೆಕ್ಕಿನ ಮೇಲೆ ನಿಲ್ಲಿಸಿದ ಗಾಳಿಯಂತ್ರವು ಡೈನಮೊವನ್ನು ತಿರುಗಿಸಿ ವಿದ್ಯುದ್ದೀಪಗಳನ್ನು ಬೆಳಗಿಸುತ್ತಿತ್ತು. ಸೂರ್ಯನನ್ನು ಕಾಣದ ತಿಂಗಳುಗಳಲ್ಲಿ ಈ ಬೆಳಕು ತಂಡದ ಮನಃಸ್ಥೈರ್ಯಕ್ಕೆ ದೊಡ್ಡ ಆಸರೆಯಾಗಿತ್ತು.

ವೈಜ್ಞಾನಿಕ ವೀಕ್ಷಣೆಗಳು ಹಗಲಿರುಳೂ ನಡೆಯುತ್ತಿದ್ದವು. ನಾಲ್ಕು ಗಂಟೆಗೊಮ್ಮೆ ಗಾಳಿಯ ದಿಕ್ಕು ಹಾಗೂ ವೇಗ, ಉಷ್ಣತೆ ಮತ್ತು ವಾಯುಭಾರವನ್ನು ದಾಖಲಿಸಲಾಗುತ್ತಿತ್ತು. ಎರಡು ದಿನಕ್ಕೊಮ್ಮೆ ನಕ್ಷತ್ರ ಅಥವಾ ಸೂರ್ಯನನ್ನು ನೋಡಿ ಹಡಗಿನ ಸ್ಥಾನವನ್ನು ಲೆಕ್ಕ ಹಾಕುತ್ತಿದ್ದರು. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿ ಬರಿಗೈಯಿಂದ ಲೋಹದ ತಿರುಪುಗಳನ್ನು ಮುಟ್ಟಿದರೆ ಚರ್ಮವೇ ಅಂಟಿಕೊಳ್ಳುವ ಸ್ಥಿತಿಯಲ್ಲಿ ಈ ಕೆಲಸ ಸಾಗುತ್ತಿತ್ತು. ಹೊಸ ಸ್ಥಾನದ ಲೆಕ್ಕ ಮುಗಿಯುವುದನ್ನು ಎಲ್ಲರೂ ಕಾತರದಿಂದ ಕಾಯುತ್ತಿದ್ದರು. ಹಡಗು ಉತ್ತರಕ್ಕೆ ಸರಿದಿದ್ದರೆ ಹಜಾರದಲ್ಲಿ ಉಲ್ಲಾಸ, ದಕ್ಷಿಣಕ್ಕೆ ಸರಿದಿದ್ದರೆ ಮೌನ.

ಸಾಗರದ ಆಳವನ್ನು ಅಳೆಯುವುದು ಇನ್ನೊಂದು ಮುಖ್ಯ ಕಾರ್ಯವಾಗಿತ್ತು. ಧ್ರುವಸಾಗರ ಆಳವಿಲ್ಲದ್ದೆಂಬ ನಂಬಿಕೆಯಿದ್ದುದರಿಂದ ಬಹಳ ಉದ್ದದ ದಾರವನ್ನು ತಂಡ ತಂದಿರಲಿಲ್ಲ. ತಂದಿದ್ದ ದಾರ ತಳಕ್ಕೆ ಮುಟ್ಟದಾದಾಗ, ಹಡಗಿನ ಉಕ್ಕಿನ ಹಗ್ಗವೊಂದನ್ನು ಮಂಜುಗಡ್ಡೆಯ ಮೇಲೆ ಬಿಡಿಸಿ, ಅದರ ಎಳೆಗಳನ್ನು ಜೋಡಿಸಿ ಹೊಸ ದಾರವನ್ನು ಹೊಸೆದರು. ಕೊರೆಯುವ ಚಳಿಯಲ್ಲಿ ಹಲವು ದಿನ ನಡೆದ ಈ ಕೆಲಸದ ಫಲವಾಗಿ, ಅಲ್ಲಿ ಸಾಗರ 3,000 ಮೀಟರಿಗೂ ಹೆಚ್ಚು ಆಳವಿದೆಯೆಂಬುದು ಮೊದಲ ಬಾರಿಗೆ ತಿಳಿಯಿತು.

ಬ್ಲೆಸಿಂಗ್ ತಿಂಗಳಿಗೊಮ್ಮೆ ಎಲ್ಲರ ತೂಕ ನೋಡಿ ರಕ್ತಪರೀಕ್ಷೆ ನಡೆಸುತ್ತಿದ್ದರು. ಧ್ರುವಯಾನಗಳಲ್ಲಿ ಅನೇಕರನ್ನು ಬಲಿತೆಗೆದುಕೊಂಡಿದ್ದ ಸ್ಕರ್ವಿ ರೋಗ ಫ್ರಾಮ್ ಹಡಗಿನಲ್ಲಿ ಕಾಣಿಸಿಕೊಳ್ಳಲೇ ಇಲ್ಲ. ತೂಕ ಹೆಚ್ಚಿದವರೇ ಬಹಳ. ವೈದ್ಯರಿಗೆ ರೋಗಿಗಳೇ ಇಲ್ಲದ್ದರಿಂದ ಅವರು 'ಫ್ರಾಮ್‌ಶೋ' ಎಂಬ ಕೈಬರಹದ ಹಾಸ್ಯಪತ್ರಿಕೆಯ ಸಂಪಾದಕರಾದರು. ಕ್ರಿಸ್‌ಮಸ್, ಹುಟ್ಟುಹಬ್ಬಗಳು ಮತ್ತು ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ನ್ನು ಸಡಗರದಿಂದ ಆಚರಿಸಲಾಗುತ್ತಿತ್ತು. ರಾಷ್ಟ್ರೀಯ ದಿನದಂದು ಬಾವುಟಗಳನ್ನು ಹಿಡಿದು ಮಂಜುಗಡ್ಡೆಯ ಮೇಲೆ ಮೆರವಣಿಗೆ ಹೊರಡುತ್ತಿದ್ದರು.

1893ರ ಡಿಸೆಂಬರ್ 13ರಂದು ಕ್ವಿಕ್ ಎಂಬ ನಾಯಿ ಹದಿಮೂರು ಮರಿಗಳನ್ನು ಹಾಕಿತು. ಹದಿಮೂರು ಜನರ ಹಡಗಿನಲ್ಲಿ ಈ ಸಂಖ್ಯೆ ತಮಾಷೆಯ ವಿಷಯವಾಯಿತು. ಅದೇ ದಿನಗಳಲ್ಲಿ ಹಿಮಕರಡಿಯೊಂದು ಕತ್ತಲಲ್ಲಿ ಹಡಗನ್ನೇರಿ ಕಟ್ಟಿಹಾಕಿದ್ದ ನಾಯಿಗಳನ್ನು ಎಳೆದೊಯ್ದಿತು. ಹುಡುಕಲು ಹೋದ ಪೇಡರ್ ಹೆಂಡ್ರಿಕ್ಸನ್ ಮೇಲೆ ಎರಗಿದಾಗ ಅವರು ಕೈಯಲ್ಲಿದ್ದ ಲಾಂದ್ರದಿಂದ ಅದಕ್ಕೆ ಹೊಡೆದು ತಪ್ಪಿಸಿಕೊಂಡರು.

ಬೇಸರ ಮತ್ತು ಅಪಾಯ

ಈ ಸುವ್ಯವಸ್ಥೆಯ ಹಿಂದೆ ಬೇಸರವೂ ಆತಂಕವೂ ಇದ್ದವು. ಮೊದಲ ವಾರಗಳಲ್ಲಿ ಹಡಗು ಉತ್ತರಕ್ಕೆ ಸಾಗುವ ಬದಲು ದಕ್ಷಿಣಕ್ಕೇ ತೇಲಿತು. 1893ರ ನವೆಂಬರ್ ಮಧ್ಯದಲ್ಲಿ ಅದು ಯಾತ್ರೆ ಆರಂಭವಾದ ಸ್ಥಳಕ್ಕಿಂತಲೂ ಹಿಂದಿತ್ತು. ತಮ್ಮ ಸಿದ್ಧಾಂತವೇ ತಪ್ಪಾಗಿರಬಹುದೆಂಬ ಸಂಶಯ ನಾನ್ಸನ್‌ರನ್ನು ಕಾಡಿತು. ಹಡಗು ಒಡೆಯದೆ ಉಳಿದರೂ ಹನ್ನೆರಡು ಜನರ ಬದುಕಿನ ಐದಾರು ವರ್ಷಗಳನ್ನು ತಾವು ವ್ಯರ್ಥ ಮಾಡುತ್ತಿರಬಹುದು ಎಂಬ ಚಿಂತೆ ಅವರ ದಿನಚರಿಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಕೆಲವೊಮ್ಮೆ ಉತ್ಸಾಹದಿಂದ ಉಬ್ಬುವ, ಕೆಲವೊಮ್ಮೆ ಖಿನ್ನತೆಗೆ ಜಾರುವ ಅವರ ಸ್ವಭಾವ ಇಕ್ಕಟ್ಟಾದ ಹಡಗಿನಲ್ಲಿ ಸಹಚರರಿಗೆ ಕಷ್ಟವೆನಿಸುತ್ತಿತ್ತು. ಮಿತಭಾಷಿಯೂ ಶಾಂತಸ್ವಭಾವದವರೂ ಆದ ಸ್ವೆರ್‌ಡ್ರುಪ್ ತಂಡದ ಸಮತೋಲವನ್ನು ಕಾಪಾಡಿದರು.

ಮಂಜುಗಡ್ಡೆಯ ಮೊದಲ ದೊಡ್ಡ ಒತ್ತಡ 1893ರ ಅಕ್ಟೋಬರ್ 9ರಂದು ಬಂದಿತು. ಗುಡುಗಿನಂಥ ಸದ್ದಿನೊಂದಿಗೆ ಗಡ್ಡೆಗಳು ಹಡಗನ್ನು ಇಕ್ಕೆಲದಿಂದ ಒತ್ತಿದವು. ಆರ್ಚರ್ ಊಹಿಸಿದ್ದಂತೆಯೇ ಫ್ರಾಮ್ ಮೇಲಕ್ಕೆದ್ದು, ಒತ್ತಡ ಕಡಿಮೆಯಾದಾಗ ಮೆಲ್ಲಗೆ ಕೆಳಗಿಳಿಯಿತು. ಅತ್ಯಂತ ಅಪಾಯಕಾರಿ ಒತ್ತಡ 1895ರ ಜನವರಿ ಮೊದಲ ವಾರದಲ್ಲಿ ಎದುರಾಯಿತು. ಮಂಜುಗಡ್ಡೆಯ ದಿಬ್ಬವೊಂದು ಹಡಗಿನ ಎಡಪಾರ್ಶ್ವದ ಮೇಲೆ ಉರುಳಿ ಬಂದು ಡೆಕ್ಕಿನ ಕಟಕಟೆಯ ಎತ್ತರಕ್ಕೆ ಏರಿತು. ಆಹಾರ, ಜಾರುಬಂಡಿ ಮತ್ತು ದೋಣಿಗಳನ್ನು ಮಂಜಿನ ಮೇಲೆ ಸಾಗಿಸಿ, ಯಾವ ಕ್ಷಣದಲ್ಲಾದರೂ ಹಡಗನ್ನು ತೊರೆಯಲು ತಂಡ ಸಿದ್ಧವಾಯಿತು. ಎಲ್ಲರೂ ಉಡುಪು ಧರಿಸಿಯೇ ಮಲಗಿದರು. ಕೊನೆಗೆ ಹಡಗು ಹಿಡಿತದಿಂದ ಬಿಡಿಸಿಕೊಂಡು ಮೇಲೆದ್ದಿತು. ಅದರ ಮರದ ಒಡಲಿಗೆ ಗಂಭೀರ ಹಾನಿಯಾಗಿರಲಿಲ್ಲ.

ಧ್ರುವದತ್ತ ನಡಿಗೆ

ಹಡಗು ಧ್ರುವದ ಮೇಲೆ ನೇರವಾಗಿ ಹಾಯುವುದಿಲ್ಲವೆಂಬುದು ಎರಡನೆಯ ಚಳಿಗಾಲದ ಹೊತ್ತಿಗೆ ಸ್ಪಷ್ಟವಾಗಿತ್ತು. ಆದ್ದರಿಂದ ನಾನ್ಸನ್ ಯೋಹಾನ್ಸನ್‌ರನ್ನು ಜೊತೆಗೆ ಕರೆದುಕೊಂಡು, 28 ನಾಯಿಗಳು, ಮೂರು ಜಾರುಬಂಡಿಗಳು ಮತ್ತು ಎರಡು ಕಯಾಕ್‌ಗಳೊಂದಿಗೆ 1895ರ ಮಾರ್ಚ್ 14ರಂದು ಹಡಗನ್ನು ಬಿಟ್ಟು ಉತ್ತರಕ್ಕೆ ಹೊರಟರು. ತೇಲುತ್ತಲೇ ಇರುವ ಹಡಗನ್ನು ಮತ್ತೆ ಹುಡುಕಿ ಸೇರುವುದು ಸಾಧ್ಯವಿರಲಿಲ್ಲ. ಉಳಿದ ಹನ್ನೊಂದು ಜನರ ಹೊಣೆ ಸ್ವೆರ್‌ಡ್ರುಪ್ ಅವರದಾಯಿತು.

ಎತ್ತರ ತಗ್ಗುಗಳ ಮಂಜುಗಡ್ಡೆ ಮತ್ತು ದಕ್ಷಿಣಕ್ಕೆ ಸರಿಯುತ್ತಿದ್ದ ಪ್ರವಾಹದಿಂದಾಗಿ ಮುನ್ನಡೆ ನಿಧಾನವಾಯಿತು. ಏಪ್ರಿಲ್ 8ರಂದು 86°13′ ಉತ್ತರ ಅಕ್ಷಾಂಶದ ಬಳಿ ನಾನ್ಸನ್ ಹಿಂದಿರುಗಲು ನಿರ್ಧರಿಸಿದರು. ಅದುವರೆಗೆ ಮಾನವರು ತಲುಪಿದ್ದ ಅತ್ಯಂತ ಉತ್ತರದ ಬಿಂದು ಅದಾಗಿತ್ತು. ಹಿಂದಿರುಗುವ ದಾರಿಯಲ್ಲಿ ಇಬ್ಬರ ಗಡಿಯಾರಗಳೂ ಕೀಲಿ ಕೊಡದೆ ನಿಂತುಹೋದವು. ಇದರಿಂದ ತಾವಿರುವ ರೇಖಾಂಶವನ್ನು ನಿಖರವಾಗಿ ತಿಳಿಯುವುದು ಅಸಾಧ್ಯವಾಯಿತು. ಆಹಾರ ಮುಗಿಯುತ್ತ ಬಂದಂತೆ ನಾಯಿಗಳನ್ನು ಒಂದೊಂದಾಗಿ ಕೊಂದು ಉಳಿದ ನಾಯಿಗಳಿಗೆ ಉಣಿಸಬೇಕಾಯಿತು. ಕೊನೆಯ ಎರಡು ನಾಯಿಗಳನ್ನು ಆಗಸ್ಟ್‌ನಲ್ಲಿ, ಪರಸ್ಪರರ ನಾಯಿಯನ್ನು ಮತ್ತೊಬ್ಬರು ಗುಂಡಿಕ್ಕಿ ಕೊಂದರು.

ಫ್ರಾನ್ಸ್ ಜೋಸೆಫ್ ದ್ವೀಪಸಮೂಹವನ್ನು ತಲುಪಿದ ಇಬ್ಬರೂ ಕಲ್ಲು ಮತ್ತು ಪಾಚಿಯ ಗೋಡೆಗೆ ವಾಲ್ರಸ್ ಚರ್ಮದ ಮಾಡು ಹೊದಿಸಿದ ಗುಡಿಸಲಿನಲ್ಲಿ ಚಳಿಗಾಲವನ್ನು ಕಳೆದರು. ಕರಡಿಯ ಮಾಂಸ ಮತ್ತು ವಾಲ್ರಸ್ ಕೊಬ್ಬು ಅವರ ಆಹಾರ ಮತ್ತು ಇಂಧನವಾಗಿತ್ತು. ಅಷ್ಟು ಕಾಲ ಒಂದೇ ಮಲಗುಚೀಲವನ್ನು ಹಂಚಿಕೊಂಡಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಬಹುವಚನದಲ್ಲಿಯೇ ಮಾತನಾಡಿಸುತ್ತಿದ್ದರು. 1895ರ ಕೊನೆಯ ರಾತ್ರಿಯಂದು ಏಕವಚನಕ್ಕೆ ಬಂದರೆಂದು ಜೀವನಚರಿತ್ರಕಾರರು ಬರೆಯುತ್ತಾರೆ.

1896ರ ಮೇ ತಿಂಗಳಲ್ಲಿ ಮತ್ತೆ ಹೊರಟಾಗ, ಒಮ್ಮೆ ಕಟ್ಟು ಬಿಚ್ಚಿ ತೇಲಿಹೋಗುತ್ತಿದ್ದ ಕಯಾಕ್‌ಗಳನ್ನು ನಾನ್ಸನ್ ಹಿಮನೀರಿನಲ್ಲಿ ಈಜಿ ಹಿಡಿದು ತಂದರು. ಅವರ ಸರ್ವಸ್ವವೂ ಆ ದೋಣಿಗಳಲ್ಲಿತ್ತು. ಜೂನ್ 17ರಂದು ಅವರು ಬ್ರಿಟಿಷ್ ಅನ್ವೇಷಕ ಫ್ರೆಡರಿಕ್ ಜಾಕ್ಸನ್ ಅವರನ್ನು ಆಕಸ್ಮಿಕವಾಗಿ ಸಂಧಿಸಿದರು. ಅವರ ನೆರವಿನ ಹಡಗಿನಲ್ಲಿ ಆಗಸ್ಟ್ 13ರಂದು ನಾರ್ವೆಯ ವಾರ್ಡೊ ಬಂದರನ್ನು ಸೇರಿದರು. ಸುಮಾರು ಮೂರು ವರ್ಷ ಮಂಜಿನಲ್ಲಿದ್ದ ಫ್ರಾಮ್ ಸ್ಪಿಟ್ಸ್‌ಬರ್ಗನ್‌ನ ವಾಯುವ್ಯಕ್ಕೆ ಅದೇ ದಿನ ಮುಕ್ತ ಕಡಲಿಗೆ ಬಂದಿತು. ಮಂಜುಗಡ್ಡೆಯನ್ನು ಸಿಡಿಮದ್ದಿನಿಂದ ಒಡೆದು ಸ್ವೆರ್‌ಡ್ರುಪ್ ಹಡಗನ್ನು ಬಿಡಿಸಿದ್ದರು. ಟ್ರೊಮ್ಸೊದಲ್ಲಿ ಹದಿಮೂರು ಜನರೂ ಮತ್ತೆ ಒಂದುಗೂಡಿದರು. ಒಬ್ಬರ ಪ್ರಾಣಹಾನಿಯೂ ಆಗಿರಲಿಲ್ಲ.

ವೈಜ್ಞಾನಿಕ ಕೊಡುಗೆಗಳು

ಧ್ರುವದ ಸುತ್ತ ಭೂಖಂಡವಾಗಲಿ ಆಳವಿಲ್ಲದ ಕಡಲಾಗಲಿ ಇಲ್ಲ, ಇರುವುದು ಮಂಜು ಹೊದೆದ ಆಳವಾದ ಸಾಗರ ಎಂಬುದನ್ನು ಈ ಯಾತ್ರೆ ತೋರಿಸಿತು. ತಣ್ಣನೆಯ ಮೇಲ್ಪದರದ ಕೆಳಗೆ ಅಟ್ಲಾಂಟಿಕ್‌ನಿಂದ ಬಂದ, ಹೆಚ್ಚು ಉಪ್ಪಿನ, ತುಸು ಬೆಚ್ಚಗಿನ ನೀರಿನ ಪದರವಿರುವುದು ಉಷ್ಣತಾಮಾಪನಗಳಿಂದ ತಿಳಿಯಿತು. ಮಂಜುಗಡ್ಡೆ ಗಾಳಿಯ ದಿಕ್ಕಿನಲ್ಲಿ ನೇರವಾಗಿ ಸಾಗದೆ 20ರಿಂದ 40 ಡಿಗ್ರಿಯಷ್ಟು ಬಲಕ್ಕೆ ಸರಿಯುವುದನ್ನು ನಾನ್ಸನ್ ಗಮನಿಸಿ, ಭೂಮಿಯ ಭ್ರಮಣವೇ ಇದಕ್ಕೆ ಕಾರಣವೆಂದು ಸೂಚಿಸಿದರು. ಸ್ವೀಡನ್ನಿನ ವಾಗ್ನ್ ವಾಲ್‌ಫ್ರಿಡ್ ಎಕ್‌ಮನ್ ಇದಕ್ಕೆ ಗಣಿತದ ಆಧಾರ ಕೊಟ್ಟರು. ಸಮುದ್ರವಿಜ್ಞಾನದಲ್ಲಿ ಇದು 'ಎಕ್‌ಮನ್ ಸುರುಳಿ' ಎಂದು ಪ್ರಸಿದ್ಧವಾಗಿದೆ. 'ಸತ್ತ ನೀರಿ'ನ ವಿದ್ಯಮಾನವನ್ನು ವಿವರಿಸಿದವರೂ ಎಕ್‌ಮನ್ ಅವರೇ. ವಿವಿಧ ಆಳಗಳಿಂದ ನೀರಿನ ಮಾದರಿ ತೆಗೆಯಲು ನಾನ್ಸನ್ ರೂಪಿಸಿದ ಸೀಸೆಯ ಸುಧಾರಿತ ರೂಪಗಳು ಬಹುಕಾಲ ಬಳಕೆಯಲ್ಲಿದ್ದವು. 1897ರಲ್ಲಿ ಕ್ರಿಸ್ಟಿಯಾನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾದ ಅವರು 1908ರಲ್ಲಿ ಸಮುದ್ರವಿಜ್ಞಾನದ ಪ್ರಾಧ್ಯಾಪಕರಾದರು.

ರಾಜತಾಂತ್ರಿಕ ಮತ್ತು ಮಾನವೀಯ ಸೇವೆ

1905ರಲ್ಲಿ ನಾರ್ವೆ ಸ್ವೀಡನ್‌ನೊಂದಿಗಿನ ಒಕ್ಕೂಟದಿಂದ ಬೇರ್ಪಟ್ಟಾಗ ನಾನ್ಸನ್ ಸ್ವಾತಂತ್ರ್ಯದ ಪರವಾಗಿ ಬರೆದು ಮಾತನಾಡಿದರು. 1906ರಿಂದ 1908ರವರೆಗೆ ಲಂಡನ್ನಿನಲ್ಲಿ ನಾರ್ವೆಯ ಮೊದಲ ರಾಜಪ್ರತಿನಿಧಿಯಾಗಿದ್ದರು. ಈ ಅವಧಿಯಲ್ಲಿ, 1907ರ ಡಿಸೆಂಬರ್‌ನಲ್ಲಿ, ಪತ್ನಿ ಎವಾ ನಿಧನರಾದರು. ದಕ್ಷಿಣ ಧ್ರುವಕ್ಕೆ ತಾವೇ ಹೋಗಬೇಕೆಂಬ ಆಸೆಯಿದ್ದರೂ, ಅದನ್ನು ಬಿಟ್ಟು ಫ್ರಾಮ್ ಹಡಗನ್ನು ರೊವಾಲ್ಡ್ ಅಮುಂಡ್‌ಸೆನ್ ಅವರಿಗೆ ಒಪ್ಪಿಸಿದರು.

1920ರಲ್ಲಿ ರಾಷ್ಟ್ರಗಳ ಒಕ್ಕೂಟವು ಯುದ್ಧಕೈದಿಗಳನ್ನು ತಾಯ್ನಾಡಿಗೆ ಮರಳಿಸುವ ಕಾರ್ಯವನ್ನು ಅವರಿಗೆ ವಹಿಸಿತು. 1922ರ ಹೊತ್ತಿಗೆ ನಾಲ್ಕು ಲಕ್ಷಕ್ಕೂ ಹೆಚ್ಚು ಕೈದಿಗಳು ಮನೆ ಸೇರಿದರು. 1921ರಲ್ಲಿ ಅವರು ನಿರಾಶ್ರಿತರ ಹೈಕಮಿಷನರ್ ಆಗಿ ನೇಮಕಗೊಂಡರು. ರಷ್ಯಾದ ಕ್ರಾಂತಿಯ ಬಳಿಕ ಪೌರತ್ವವನ್ನೇ ಕಳೆದುಕೊಂಡ ಲಕ್ಷಾಂತರ ಜನರು ಗುರುತಿನ ಪತ್ರವಿಲ್ಲದೆ ಗಡಿ ದಾಟುವಂತಿರಲಿಲ್ಲ. 1922ರಲ್ಲಿ ಆರಂಭವಾದ ನಾನ್ಸನ್ ಪಾಸ್‌ಪೋರ್ಟ್ ಈ ಕೊರತೆಯನ್ನು ನೀಗಿತು. ಕಾಲಕ್ರಮದಲ್ಲಿ 50ಕ್ಕೂ ಹೆಚ್ಚು ಸರ್ಕಾರಗಳು ಇದನ್ನು ಮಾನ್ಯ ಮಾಡಿದವು. ಚಿತ್ರಕಾರ ಮಾರ್ಕ್ ಶಗಾಲ್, ಸಂಗೀತಕಾರ ಇಗೋರ್ ಸ್ಟ್ರಾವಿನ್ಸ್ಕಿ ಇದನ್ನು ಹೊಂದಿದ್ದವರಲ್ಲಿ ಸೇರಿದ್ದಾರೆ.

1921–22ರ ರಷ್ಯಾದ ಭೀಕರ ಕ್ಷಾಮದ ಸಂದರ್ಭದಲ್ಲಿ ಅವರು ಪರಿಹಾರ ಕಾರ್ಯವನ್ನು ಸಂಘಟಿಸಿದರು. ಸರ್ಕಾರಗಳಿಂದ ಕೇಳಿದಷ್ಟು ಹಣ ದೊರೆಯದಿದ್ದಾಗ ಜನರ ಮುಂದೆ ಕೈಚಾಚಿದರು. 1922ರಲ್ಲಿ ದೊರೆತ ನೊಬೆಲ್ ಪ್ರಶಸ್ತಿಯ ಹಣವನ್ನು ಪರಿಹಾರ ಕಾರ್ಯಗಳಿಗೆ ನೀಡಿದರು. ಗ್ರೀಸ್ ಮತ್ತು ಟರ್ಕಿಗಳ ನಡುವಿನ ಜನಸಂಖ್ಯಾ ವಿನಿಮಯದಲ್ಲಿ ಅವರ ಪಾತ್ರ ವಿವಾದಕ್ಕೂ ಒಳಗಾಗಿದೆ. ಜನರನ್ನು ಬಲವಂತವಾಗಿ ನೆಲದಿಂದ ಕೀಳುವ ಒಪ್ಪಂದಕ್ಕೆ ಅದು ದಾರಿಯಾಯಿತೆಂಬುದು ಟೀಕಾಕಾರರ ಆಕ್ಷೇಪ. ಅರ್ಮೇನಿಯದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಅವರ ಯೋಜನೆ ಹಣಕಾಸಿನ ಬೆಂಬಲವಿಲ್ಲದೆ ಕೈಗೂಡಲಿಲ್ಲ.

ನಿಧನ ಮತ್ತು ಪರಂಪರೆ

ನಾನ್ಸನ್ 1930ರ ಮೇ 13ರಂದು ಓಸ್ಲೋ ಸಮೀಪದ ಲೈಸಾಕರ್‌ನಲ್ಲಿರುವ ತಮ್ಮ ನಿವಾಸ ಪೋಲ್‌ಹೊಗ್ಡಾದಲ್ಲಿ ಹೃದಯಾಘಾತದಿಂದ ನಿಧನರಾದರು. ರಾಷ್ಟ್ರೀಯ ದಿನವಾದ ಮೇ 17ರಂದು ಅವರ ಅಂತ್ಯಕ್ರಿಯೆ ನಡೆಯಿತು. ಅವರ ಹೆಸರಿನಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ನಿರಾಶ್ರಿತರ ಕಚೇರಿಗೆ 1938ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಲಭಿಸಿತು. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯು 1954ರಲ್ಲಿ ಸ್ಥಾಪಿಸಿದ ನಾನ್ಸನ್ ಪ್ರಶಸ್ತಿಯನ್ನು ಇಂದಿಗೂ ನೀಡುತ್ತಿದೆ.

ಫ್ರಾಮ್ ಹಡಗನ್ನು ಓಸ್ಲೋ ನಗರದ ಫ್ರಾಮ್ ವಸ್ತುಸಂಗ್ರಹಾಲಯದಲ್ಲಿ ಸಂರಕ್ಷಿಸಲಾಗಿದ್ದು, ಸಂದರ್ಶಕರು ಅದರ ಹಜಾರ ಮತ್ತು ಕೋಣೆಗಳನ್ನು ನೋಡಬಹುದು. 2019ರ ಶರತ್ಕಾಲದಲ್ಲಿ ಜರ್ಮನಿಯ ಸಂಶೋಧನಾ ನೌಕೆ 'ಪೋಲಾರ್‌ಸ್ಟರ್ನ್' ಮೊಸಾಯಿಕ್ ಯೋಜನೆಯಡಿ ಸೈಬೀರಿಯದ ಉತ್ತರಕ್ಕೆ ಮಂಜುಗಡ್ಡೆಗೆ ಲಂಗರು ಕಟ್ಟಿ, ಸುಮಾರು ಒಂದು ವರ್ಷ ಕಾಲ ಹವಾಮಾನದ ಅಧ್ಯಯನ ನಡೆಸಿತು. ಪ್ರವಾಹದೊಡನೆ ತೇಲುವ ಈ ವಿಧಾನವನ್ನು ಅದು ನಾನ್ಸನ್‌ರಿಂದಲೇ ಪಡೆದಿತ್ತು. ಫ್ರಾಮ್ ತಂಡ ನಾಲ್ಕು ಗಂಟೆಗೊಮ್ಮೆ ಬರೆದಿಟ್ಟ ಅಂಕಿಗಳು, ಆರ್ಕ್ಟಿಕ್ ಸಾಗರ ಅಂದು ಹೇಗಿತ್ತು ಎಂಬುದನ್ನು ಇಂದಿನ ಸ್ಥಿತಿಯೊಡನೆ ಹೋಲಿಸಲು ಲಭ್ಯವಿರುವ ಅಮೂಲ್ಯ ದಾಖಲೆಗಳಾಗಿವೆ.